ಗಿಬ್ಬರಿಷ್ ಶುರುವಾದ ಹೊತ್ತು

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ. ಇವರ ಮಾತು ಕೆಟ್ಟಿದ್ದು ಯಾವಾಗ?

ಸ್ಟ್ರೆಚರ್ ಮೇಲೆ ನನ್ನ ಚಿಕ್ಕಮ್ಮ, ಅವ್ವನ ಕೊನೆಯ ತಂಗಿ, ಖಾಕಿ ಕೋಟು ತೊಟ್ಟು ಮಲಗಿದ್ದಳು. ಮೇಲ್ತುಟಿಯಲ್ಲಿ ಗೋಂದಿನ ಕಲೆ. ಬಾಯಿ ನಿಂತಿರಲಿಲ್ಲ. ದನಿಯನ್ನು ಏರಿಸಿ ಇಳಿಸಿ, ನಡುನಡುವೆ ಪ್ರಶ್ನೆ ಕೇಳುವವಳ ಹಾಗೆ ತಡೆದು, ಯಾವ ಭಾಷೆಗೂ ಸೇರದ ಮಾತನ್ನು ಭರಭರನೆ ಆಡುತ್ತಲೇ ಇದ್ದಳು. ಡಾಕ್ಟರಮ್ಮ ಸ್ಕ್ಯಾನ್ ನೋಡಿ ಬಂದಿದ್ದರು. ಮಿದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪು ನಿಂತಿದೆ, ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ತೊಂದರೆ ಶುರುವಾದ ಕೆಲವೇ ಗಂಟೆಗಳೊಳಗೆ ಕೊಡಬೇಕು, ಹೊತ್ತು ಮೀರಿ ಕೊಟ್ಟರೆ ಮಿದುಳೊಳಗೇ ರಕ್ತ ಒಸರಿ ಜೀವ ಹೋಗಬಹುದು ಎಂದರು.

"ಶುರುವಾಗಿದ್ದು ಗೊತ್ತಿಲ್ಲ ಅಂದ್ರೆ, ಕೊನೇ ಸಲ ಸರಿಯಾಗಿ ಮಾತಾಡಿದ್ದು ಯಾವಾಗ, ಅದನ್ನ ಹೇಳಿ. ಅಲ್ಲಿಂದ ಲೆಕ್ಕ."

ಬೇರೆ ಯಾರ ಮನೆಯವರಿಗಾದರೂ ಇದು ಸುಲಭದ ಪ್ರಶ್ನೆ. ಆ ಮಧ್ಯಾಹ್ನ ಸಂಡೂರಿನ ಒಂದು ಸಭಾಂಗಣದಲ್ಲಿ ಮುನ್ನೂರು ಜನರ ಎದುರು ಅರ್ಥವಿಲ್ಲದ ಮಾತಾಡುವುದೇ ಚಿಕ್ಕಮ್ಮನ ಕೆಲಸವಾಗಿತ್ತು. ಆ ಕೆಲಸ ಕೊಟ್ಟವನು ನಾನು.

ಮುನ್ನೂರು ಎಂದು ಬರೆದೆ. ಎಣಿಸಿದವನಲ್ಲ. ಅರ್ಧ ಖಾಲಿ ಇತ್ತೆಂದು ಆಮೇಲೆ ಒಬ್ಬರು ಹೇಳಿದರು. ಇಲ್ಲಿ ಬರುವ ಇಂಥ ವಿವರಗಳನ್ನು ಓದುಗರು ಅನುಮಾನದಿಂದಲೇ ಓದಲಿ, ನಾನೂ ಹಾಗೇ ಬರೆಯುತ್ತಿದ್ದೇನೆ.

ಚಿಕ್ಕಮ್ಮ ಮರಿಯಮ್ಮನಹಳ್ಳಿಯ ಕಡೆಯ ನಾಟಕದವಳು. ಚಿಕ್ಕ ವಯಸ್ಸಿನಿಂದ ಕಂಪನಿಗಳಲ್ಲಿ ಊರೂರು ತಿರುಗಿ, ಈಗ ಚಿತ್ತವಾಡ್ಗಿಯ ಎರಡು ಕೋಣೆಯ ಮನೆಯಲ್ಲಿ ಇದ್ದಳು. ನಾನು ಅಲ್ಲಿಗೆ ಎರಡು ಓಣಿ ಆಚೆ ಟ್ಯುಟೋರಿಯಲ್ ಒಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಬಿಡುವಿನಲ್ಲಿ ಯಾರೂ ಆಡದಂಥ ನಾಟಕ ಬರೆಯುತ್ತೇನೆ. ಒಂದನ್ನು ಅವಳ ತಂಡ ಆಡಲು ಒಪ್ಪಿತು. ಗುಡ್ಡ ಕೊಳ್ಳಲು ಬಂದ ಒಬ್ಬ ಸಾಹೇಬ, ಅವನ ಮಾತು ಯಾರಿಗೂ ತಿಳಿಯದು. ಪಕ್ಕದಲ್ಲಿ ಒಬ್ಬಳು ದುಭಾಷಿ, ಅವಳಿಗೂ ತಿಳಿಯದು, ಆದರೆ ಕೂಲಿಯವರಿಗೆ ತನ್ನ ಮನಸ್ಸಿಗೆ ಬಂದದ್ದನ್ನು ಅನುವಾದ ಎಂದು ಹೇಳುತ್ತಾಳೆ. ಸಾಹೇಬನಿಗೆ ನಾನು ಒಂದು ಸಾಲನ್ನೂ ಬರೆದಿರಲಿಲ್ಲ. ಕಂಸದಲ್ಲಿ, ಇಲ್ಲಿ ಗಿಬ್ಬರಿಷ್, ಎಂದಷ್ಟೇ ಇತ್ತು.

ಸಾಹೇಬ ಆಗಬೇಕಿದ್ದ ಹಾಸ್ಯನಟ ಮದುವೆ ಸೀಸನ್ನಿನ ಆರ್ಕೆಸ್ಟ್ರಾಕ್ಕೆ ಹೊರಟುಹೋದ. ಚಿಕ್ಕಮ್ಮ ಪಾತ್ರವನ್ನು ತಾನೇ ತೆಗೆದುಕೊಂಡಳು.

"ಏನಲೇ ಇದು, ಗಿಬ್ಬರಿಷ್? ತಿನ್ನಾದಾ?"

ಭರಭರ ಆಡುವ, ಅರ್ಥವಿಲ್ಲದ ಮಾತು ಎಂದೆ.

"ಅರ್ಥ ಇಲ್ಲದ್ದಕ್ಕ ಒಂದು ಹೆಸರು ಬ್ಯಾರೆ. ಎಲ್ಲಿಂದ ಬಂತದು?"

ನಾನು ನಿಘಂಟು ನೋಡಿದ್ದೆ, ಹೇಳಿದೆ. ಹಳೆಯ ಕಾಲದಲ್ಲಿ ಅರಬ್ಬರ ರಸವಿದ್ಯೆಯವನೊಬ್ಬನಿದ್ದ, ತನ್ನ ಗುಟ್ಟು ಬೇರೆಯವರಿಗೆ ತಿಳಿಯಬಾರದೆಂದು ಒಗಟಾಗಿ ಬರೆಯುತ್ತಿದ್ದ, ಅವನ ಹೆಸರಿನಿಂದ ಈ ಪದ ಬಂತು ಎಂದು ಕೆಲವರು. ಇಲ್ಲ, ಐರ್ಲೆಂಡಿನ ಕಡೆ ಬಾಯಿಗೆ ಇರುವ ಹೆಸರಿನಿಂದ ಬಂತು ಎಂದು ಕೆಲವರು. ಊರಿಂದೂರಿಗೆ ಅಲೆಯುವ ಜನರ ಭಾಷೆಯನ್ನು ಹೀಗಳೆಯಲು ಹುಟ್ಟಿತು ಎಂದು ಇನ್ನು ಕೆಲವರು. ಬಹಳ ಜನ ಒಪ್ಪುವುದು ಬೇರೆ: ಅದಕ್ಕೆ ಮೂಲವೇ ಇಲ್ಲ, ಗೊಳಗೊಳ ಮಾತಾಡಿದರೆ ಕಿವಿಗೆ ಹೇಗೆ ಕೇಳುತ್ತದೋ ಅದೇ ಪದವಾಯಿತು. ಕಡೆಗೆ ನಿಘಂಟು ಮೂಲ ಖಚಿತವಿಲ್ಲ ಎಂದು ಕೈ ತೊಳೆದುಕೊಳ್ಳುತ್ತದೆ. ಇದರ ಕ್ರಿಯಾಪದ, ಗಿಬ್ಬರ್, ಇದಕ್ಕಿಂತ ಆಮೇಲಿನದಂತೆ. ಮಗ ಮೊದಲು ಹುಟ್ಟಿ ನಂತರ ಅಪ್ಪನನ್ನು ಹುಟ್ಟಿಸಿದ ಹಾಗೆ.

ಚಿಕ್ಕಮ್ಮ ಅಡಿಕೆ ಕತ್ತರಿಸುತ್ತ ಕೇಳಿದಳು. "ಅಲ್ಲಲೇ, ತಿರುಗಾಡೋ ಮಂದಿ ಮಾತು ನಿಂತ ಮಂದಿಗೆ ತಿಳೀದಿದ್ರ ಅದು ಅರ್ಥ ಇಲ್ಲದ್ದಾತಾ? ನಾವೂ ತಿರುಗಾಡಿದವರ."

ಅರ್ಥವಿಲ್ಲದ ಮಾತು ಆಡುವುದು ಸುಲಭವಲ್ಲ. ತಾಲೀಮಿನಲ್ಲಿ ಅವಳ ಬಾಯಿಗೆ ಕನ್ನಡ ನುಸುಳುತ್ತಿತ್ತು, ತೆಲುಗು ನುಸುಳುತ್ತಿತ್ತು, ನುಸುಳಿದಾಗ ತಾನೇ ತಲೆ ಮೊಟಕಿಕೊಳ್ಳುತ್ತಿದ್ದಳು. ಅದಕ್ಕೆಂದೇ ಒಂದು ದಿನ ನನ್ನನ್ನು ಹಂಪಿಗೆ ಕರೆದೊಯ್ದಳು. ದೇವಸ್ಥಾನದ ಎದುರಿನ ಸಾಲುಮಂಟಪದ ಕಲ್ಲಿನ ಮೇಲೆ ಕುಳಿತು ಹೊರದೇಶದವರ ಮಾತು ಕೇಳಿದೆವು. ಒಂದು ಜೋಡಿ ಜಗಳವಾಡುತ್ತಿತ್ತು. ಚಿಕ್ಕಮ್ಮ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ, ಅವರ ಏರಿಳಿತವನ್ನು ಮಾತ್ರ ಹಿಡಿಯುತ್ತಿದ್ದಳು.

"ಟೊಪ್ಪಿಗಿ ರೂಮಿನ್ಯಾಗ ಬಿಟ್ಟು ಬಂದಾನ, ಅದಕ್ಕ ಬೈಯಾಕತ್ಯಾಳ," ಎಂದಳು.

"ನಿನಗೆ ಆ ಭಾಷೆ ಬರುತ್ತಾ?"

"ಭಾಷಾ ಬರದಿದ್ರ ಏನಾತು, ಬೈಗುಳ ಬರತದ."

ಆ ದಿನ ತಾನೂ ಬಂದಿದ್ದೆ ಎಂದು ದುಭಾಷಿ ಹೇಳುತ್ತಾಳೆ. ದುಭಾಷಿ ಎಂದರೆ ಆ ಪಾತ್ರದ ನಟಿ, ಚಿಕ್ಕಮ್ಮನ ಬಹುಕಾಲದ ಜೊತೆಗಾತಿ. ಇಲ್ಲಿ ಅವಳನ್ನು ಹಾಗೇ ಕರೆಯುತ್ತೇನೆ. ನನ್ನ ನೆನಪಿನ ಕಲ್ಲಿನ ಮೇಲೆ ಇಬ್ಬರೇ ಇದ್ದೇವೆ. ಅವಳ ನೆನಪಿನಲ್ಲಿ ಮೂವರು, ಜೊತೆಗೆ ಕಡಲೆಕಾಯಿ. ಯಾರದು ಸರಿಯೋ.

ಇನ್ನು ಇವರ ಒಂದು ರೂಢಿಯನ್ನು ಹೇಳಬೇಕು, ಮುಂದೆ ಆದದ್ದಕ್ಕೆಲ್ಲ ಅದೇ ಬೇರು. ರಂಗದ ಮೇಲೆ ಒಬ್ಬರು ತಪ್ಪಿದರೆ ಕಂಪನಿಯವರು ತಿದ್ದುವುದಿಲ್ಲ, ನಿಲ್ಲಿಸುವುದಿಲ್ಲ. ಎದುರಿನವರು ಆ ತಪ್ಪನ್ನೇ ಮುಂದುವರಿಸುತ್ತಾರೆ. ರಾಜ ಮಂತ್ರಿಯನ್ನು ಮಾವ ಎಂದರೆ ಮಂತ್ರಿ ಅಳಿಯಂದಿರೇ ಎನ್ನಬೇಕು. ಇದಕ್ಕೆ ಅವರು ಎತ್ತಿಕೊಳ್ಳೋದು ಎನ್ನುತ್ತಾರೆ, ಬಿದ್ದ ಮಗುವನ್ನು ಎತ್ತಿಕೊಂಡ ಹಾಗೆ. ಎತ್ತಿಕೊಳ್ಳಲು ಬಾರದವರಿಗೆ ಆ ಲೋಕದಲ್ಲಿ ಮರ್ಯಾದೆಯಿಲ್ಲ.

ಸಂಡೂರಿನ ಆಟ ಭಾನುವಾರ ಮಧ್ಯಾಹ್ನ. ಗಣಿಯ ಕೆಲಸದವರು, ಅವರ ಮನೆಯವರು ಬಂದಿದ್ದರು. ಸಾಹೇಬನ ಪ್ರವೇಶ ಇಂಟರ್‌ವಲ್ ಆದ ಮೇಲೆ. ಮೊದಲ ಅರ್ಧದಲ್ಲಿ ಕೆಲಸವಿಲ್ಲದೆ ಚಿಕ್ಕಮ್ಮ ಬಣ್ಣದ ಕೋಣೆಯ ಚಾಪೆಯ ಮೇಲೆ ಒರಗಿದ್ದಳು. ಉಳಿದ ನಟರೆಲ್ಲ ರಂಗದ ಮೇಲೆ. ನಾನು ಪರದೆಯ ಮಗ್ಗುಲಲ್ಲಿ ನಿಂತು ಮಾತು ಮರೆತವರಿಗೆ ನೆನಪಿಸುತ್ತಿದ್ದೆ.

ಸಾಹೇಬ ಬಂದ. ಖಾಕಿ ಕೋಟು, ಟೊಪ್ಪಿಗೆ, ದಪ್ಪ ಮೀಸೆ. ಮಾತು ಶುರು ಮಾಡಿದ್ದೇ ತಡ, ಸಭೆ ನಕ್ಕಿತು. ಹಂಪಿಯಲ್ಲಿ ಹಿಡಿದು ತಂದ ಏರಿಳಿತವೆಲ್ಲ ಅದರಲ್ಲಿ ಇತ್ತು ಎಂದು ಆಗ ಅನಿಸಿತು. ದುಭಾಷಿ ಸೊಂಟಕ್ಕೆ ಕೈಯಿಟ್ಟು ಕೂಲಿಯವರ ಕಡೆ ತಿರುಗಿದಳು.

"ಸಾಹೇಬ್ರು ಏನಂತಾರಪ್ಪಾ ಅಂದ್ರ, ನಿಮ್ಮ ಗುಡ್ಡ ಪಾಪ ಭಾಳ ವರ್ಷದಿಂದ ಬಿಸಲಾಗ ನಿಂತೇತಿ. ಅದನ್ನ ನಮ್ಮ ದೇಶಕ್ಕ ಒಯ್ದು ನೆಳ್ಳಾಗ ಇಡ್ತೀವಿ ಅಂತಾರ."

ಚಪ್ಪಾಳೆ. ಸಾಹೇಬನ ಮೀಸೆ ಬಲಗಡೆ ಜೋತುಬಿತ್ತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಲೇ ಸಾಹೇಬಾ, ಮೀಸಿ ಇಳ್ಯಾಕತ್ತೇತಿ, ಲಾರಿಗೆ ಹೇರಲೇನು?" ಸಭೆ ಮತ್ತೆ ನಕ್ಕಿತು. ನಾನೂ ನಕ್ಕೆ. ಗೋಂದು ಬಿಟ್ಟಿದೆ ಎಂದುಕೊಂಡೆ. ಕೆಳಗಿಳಿದದ್ದು ಮೀಸೆಯಲ್ಲ, ಅದರ ಅಡಿಯ ತುಟಿ.

ಸಾಹೇಬರಿಗೆ ಬಾಯಾರಿದೆ ಎಂದು ದುಭಾಷಿ ಹೇಳಿದ ಕೂಡಲೇ ಸಾಹೇಬ ಒಳಗೆ ಹೋಗಬೇಕು. ಹೇಳಿದಳು. ಚಿಕ್ಕಮ್ಮ ಹೋಗಲಿಲ್ಲ. ಮತ್ತೆ ಹೇಳಿದಳು. ಮಾತು ಇನ್ನೂ ವೇಗವಾಯಿತು. ದುಭಾಷಿ ರೂಢಿಯಂತೆ ಎತ್ತಿಕೊಂಡಳು. ಸಾಹೇಬರಿಗೆ ನಮ್ಮ ನೀರು ಇಳಿಯೋದಿಲ್ಲಂತ, ಸಾಹೇಬ್ರು ಹೆಂಡ್ತಿನ ನೆನಸಿಕೊಂಡಾರ, ಸಾಹೇಬ್ರಿಗೆ ಸಂಡೂರಿನ ಬಸ್ಸು ತಪ್ಪೇತಿ. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ ಅದಕ್ಕೊಂದು ಧಾಟಿ ಹಿಡಿದ. ಇಡೀ ತಂಡ ಆ ಮಾತನ್ನು ಭುಜದ ಮೇಲೆ ಹೊತ್ತು ಕುಣಿಯಿತು. ಚಿಕ್ಕಮ್ಮ ಒಮ್ಮೆ ನನ್ನ ಕಡೆ ನೋಡಿದಳು. ಅಂಗಲಾಚುವ ನೋಟ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಹೊಡೆದುಹಾಕಿದ್ದೇನೆ. ಆಗ ಅದು ನನಗೆ ಕಂಡದ್ದು, ಹೆಂಗೈತಿ, ಎಂದು ಕೇಳುವ ನೋಟವಾಗಿ.

ಕೊನೆಗೆ ದುಭಾಷಿ ಅವಳ ಮೊಣಕೈ ಹಿಡಿದು ಒಳಗೆ ಕರೆತಂದಳು. ಪರದೆ ಬಿಟ್ಟರು, ಪೇಟಿ ಮಾಸ್ತರನೂ ಒಳಗೆ ಬಂದ. ಒಳಗೂ ಮಾತು ನಿಲ್ಲಲಿಲ್ಲ.

"ಸಾಕ್ ಬಿಡವ್ವಾ ಸಾಹೇಬಾ," ಎಂದ ಪೇಟಿ ಮಾಸ್ತರ. "ಪರದಿ ಬಿದ್ದೇತಿ, ನಮ್ಮ ಮುಂದೂ ಏನು ನಾಟಕ."

"ಟೊಪ್ಪಿಗಿ ತಗಿ, ಶಕಿ ಆಗತೇತಿ," ಎಂದಳು ದುಭಾಷಿ. ಚಿಕ್ಕಮ್ಮನ ಬಲಗೈ ಎದೆಯ ತನಕ ಏರಿ ಕಳಚಿದ ಹಾಗೆ ಕೆಳಗೆ ಬಿತ್ತು. ದುಭಾಷಿಯ ಮುಖದಲ್ಲಿ ಆಟದ ನಗು ಇನ್ನೂ ಇತ್ತು. ಅದು ಹಾಗೇ ಉಳಿದು, ಕಣ್ಣು ಮಾತ್ರ ಬದಲಾಯಿತು.

"ಇಕಿ ಆಟ ಆಡಾಕತ್ತಿಲ್ಲಲೇ," ಎಂದಳು ನನಗೆ.

ಪೇಟಿ ಮಾಸ್ತರ ಹೊರಗೆ ಹೋಗಿ ಆಟ ನಿಂತಿತು ಎಂದು ಕೈಮುಗಿದ. ಜನ ಅದಕ್ಕೂ ನಕ್ಕರಂತೆ. ಸಾಮಾನು ಕಟ್ಟಲು ಮೇಕಪ್ಪಿನ ಬಣ್ಣದವನನ್ನು ಬಿಟ್ಟು ತಂಡದ ಟೆಂಪೋದಲ್ಲೇ ಹೊರಟೆವು. ಸಂಡೂರಿನಿಂದ ಹೊಸಪೇಟೆಗೆ ಬರುವ ದಾರಿಯ ಇಳಿಜಾರಿನಲ್ಲಿ ಅದಿರಿನ ಲಾರಿಯೊಂದು ಅಡ್ಡ ನಿಂತಿತ್ತು, ಹಿಂದೆ ಲಾರಿಗಳ ಸಾಲು. ಡ್ರೈವರ್ ಹಾರ್ನಿನಿಂದ ಕೈ ತೆಗೆಯಲಿಲ್ಲ. ನಾನು ಇಳಿದು ಮುಂದೆ ಓಡಿ, ಒಬ್ಬೊಬ್ಬ ಲಾರಿಯವನಿಗೂ ಕೈಮುಗಿದು ಪಕ್ಕಕ್ಕೆ ಸರಿಸಿ ಎಂದೆ. "ಎಲ್ಲಿಗೆ ಸರಸಲಿ ಮಾರಾಯ, ಗುಡ್ಡದ ಮ್ಯಾಲ ಹತ್ತಿಸಲಾ?" ಎಂದ ಒಬ್ಬ, ಎಂದು ಸರಿಸಿದ. ವಾಪಸು ಬಂದಾಗ ಚಿಕ್ಕಮ್ಮ ದುಭಾಷಿಯ ತೊಡೆಯ ಮೇಲೆ ತಲೆಯಿಟ್ಟು ಮಾತಾಡುತ್ತಿದ್ದಳು. ದುಭಾಷಿ ಉತ್ತರ ಕೊಡುತ್ತಿದ್ದಳು.

"ಹೂಂನವ್ವಾ. ಹಂಗ ಮಾಡೂಣು. ಹೇಳ್ತೀನಿ ಅವಗ." ನನ್ನ ಕಡೆ ತಿರುಗಿ, "ಮಗಳಿಗೆ ಫೋನ್ ಮಾಡು ಅಂತಾಳ."

"ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಸುಮ್ಮ ಕುಂದ್ರಾಕ ಆಗವಲ್ದು."

ಕಂಪ್ಲಿಯಲ್ಲಿರುವ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ.

ಡಾಕ್ಟರಮ್ಮನ ಪ್ರಶ್ನೆಗೆ ಬಂದೆ. ಆಸ್ಪತ್ರೆಗೆ ಬಂದ ಕೂಡಲೇ ನಾನು ಅವರಿಗೆ ಹೇಳಿದ್ದೆ, ಅವಳು ಗಿಬ್ಬರಿಷ್ ಮಾತಾಡುತ್ತಿದ್ದಳು, ಅದು ಪಾತ್ರ ಎಂದು. ಅವರು ಕೇಸ್ ಶೀಟ್ ತಿರುಗಿಸಿ ತೋರಿಸಿದರು. ಅವರೂ ಅದೇ ಪದ ಬರೆದಿದ್ದರು, ರೋಗಲಕ್ಷಣ ಎಂದು.

"ಪಾತ್ರದಲ್ಲಿ ಇದ್ದಾಗ ಅಂತೂ ಲೆಕ್ಕಕ್ಕಿಲ್ಲ," ಎಂದರು. "ಅದಕ್ಕೆ ಮುಂಚೆ?"

ಪೇಟಿ ಮಾಸ್ತರನ ಫೋನಿನಲ್ಲಿ ಸಭೆಯಿಂದ ಯಾರೋ ತೆಗೆದು ಕಳಿಸಿದ ಒಂದು ವಿಡಿಯೋ ತುಣುಕು ಇತ್ತು. ಅದರಲ್ಲಿ ಮೀಸೆ ಆಗಲೇ ವಾಲಿದೆ, ನಗುವಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ದುಭಾಷಿ ಹೇಳಿದಳು: ಮೊದಲ ಗಂಟೆ ಬಾರಿಸುವ ಮುಂಚೆ ಅವಳು ನನ್ನ ಸೀರೆಯ ನೆರಿಗೆ ಸರಿಯಿಲ್ಲ ಎಂದು ಬೈದಳು, ಚೆನ್ನಾಗಿ ಬೈದಳು. ಡಾಕ್ಟರಮ್ಮ ಗಡಿಯಾರ ನೋಡಿ ಅಡ್ಡ ತಲೆಯಾಡಿಸಿದರು. ಆಟದ ಮುಂಚಿನಿಂದ ಲೆಕ್ಕ ಹಿಡಿದರೆ ಹೊತ್ತು ಮೀರಿತ್ತು. ಇಂಟರ್‌ವಲ್‌ನಲ್ಲಿ ಸರಿ ಇದ್ದಳು ಎಂದು ಯಾರಾದರೂ ಹೇಳಿದರೆ ಮಾತ್ರ ಇನ್ನೂ ದಾರಿ ಇತ್ತು. ಇಂಟರ್‌ವಲ್‌ನಲ್ಲಿ ಅವಳ ಹತ್ತಿರ ಹೋದವನು ನಾನೊಬ್ಬನೇ.

ನನಗೆ ನೆನಪಿತ್ತು. ಚಹಾ ಕೊಟ್ಟೆ. ಅವಳು ಮೀಸೆಯ ತುದಿಯನ್ನು ಬೆರಳಿನಿಂದ ಮೇಲೆತ್ತಿ ಹಿಡಿದು, "ಬ್ಯಾಡಲೇ, ಹಬೆಗೆ ಗೋಂದು ಬಿಡ್ತೇತಿ," ಎಂದಳು. ಸ್ಪಷ್ಟ ಕನ್ನಡ. ಆದರೆ ಚಹಾ ನಾನು ಆಟದ ಮುಂಚೆಯೂ ಕೊಟ್ಟಿದ್ದೆ. ಚಿತ್ತವಾಡ್ಗಿಯ ತಾಲೀಮಿನಲ್ಲಿ ದಿನಾ ಕೊಡುತ್ತಿದ್ದೆ. ಯಾವ ಚಹಾದ ಮಾತು ಇದು? ನೆನಪು ತನಗೆ ಬೇಕಾದ ಕಡೆ ಬೇಕಾದ ಮಾತನ್ನು ಅಂಟಿಸುತ್ತದೆ ಎಂದು ನಾನು ಎಷ್ಟು ಬಾರಿ ಬರೆದಿಲ್ಲ. ಇಲ್ಲಿ ಅಂಟಿಸಿದ್ದು ತಪ್ಪಾದರೆ ಆ ಇಂಜೆಕ್ಷನ್ನೇ ಅವಳನ್ನು ಕೊಲ್ಲಬಹುದು. ಸುಮ್ಮನಿದ್ದರೆ ಅವಳ ಬಾಯಲ್ಲಿ ಈ ಸದ್ದು ಮಾತ್ರ ಉಳಿಯಬಹುದು.

ಹುಡುಕಿದೆ. ತಾಲೀಮಿನಲ್ಲಿ ಮೀಸೆಯೇ ಇರಲಿಲ್ಲ, ಕಾಡಿಗೆಯಿಂದ ಬರೆದುಕೊಳ್ಳುತ್ತಿದ್ದಳು. ಕೂದಲಿನ ಮೀಸೆ ಬಂದದ್ದು ಆ ಬೆಳಿಗ್ಗೆ. ಹಾಗಾದರೆ ಮಾತು ಸಂಡೂರಿನದೇ. ಬಣ್ಣದವನು ಸಾಮಾನ್ಯವಾಗಿ ಮೊದಲು ಪ್ರವೇಶವಿರುವವರಿಗೆ ಬಣ್ಣ ಹಚ್ಚುತ್ತಾನೆ, ಸಾಹೇಬನ ಸರದಿ ಮೊದಲ ಅರ್ಧ ನಡೆಯುವಾಗ ಬರಬೇಕು. ಹಾಗಾದರೆ ಮೀಸೆ ಇದ್ದ ಚಹಾ ಇಂಟರ್‌ವಲ್‌ನದು. ಬಣ್ಣದವನಿಗೆ ಫೋನ್ ಮಾಡಿದೆ. ಗುಡ್ಡದ ನಡುವೆ ಸಿಗ್ನಲ್ ಸಿಗಲಿಲ್ಲ. ಮಗಳು ಕಂಪ್ಲಿಯಿಂದ ಬರುವ ಬಸ್ಸಿನಲ್ಲಿದ್ದಳು. ವಿಷಯ ಹೇಳಿದೆ. ಬಸ್ಸಿನ ಸದ್ದಿನಲ್ಲಿ ಅವಳು ಕೇಳಿದಳು:

"ಅಣ್ಣಾ, ನೀ ಕಂಡಿದ್ದು ಖರೇನಾ? ಖರೇ ಆದ್ರ ಕೊಡಸು."

ಡಾಕ್ಟರಮ್ಮ ಪೆನ್ನು ಹಿಡಿದು ನಿಂತಿದ್ದರು. "ಖಾತ್ರಿನಾ?"

"ಖಾತ್ರಿ," ಎಂದೆ. ನೆನಪಿನ ಬಗ್ಗೆ ನಾನು ಆ ಪದ ಬಳಸಿದ್ದು ಅದೇ ಮೊದಲು.

ಒಳಗೆ ಒಯ್ದರು. ಇಂಜೆಕ್ಷನ್ ಶುರುವಾದ ಸ್ವಲ್ಪ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು. ಬಣ್ಣದವನು. ಹೇಗಿದ್ದಾಳೆ ಎಂದು ಕೇಳಿದ. ನಾನು ಮೀಸೆ ಕೇಳಿದೆ.

"ಮೀಸಿನಾ? ಆಕಿಗೆ ಮೊದಲ ಹಚ್ಚಿದ್ನಲ್ಲಪ್ಪಾ. ಗಂಟಿ ಹೊಡಿಯಾಕ ಮುಂಚೆ. ಗೋಂದು ಒಣಗಲಿ ಅಂತ ಆಕೀನ ಅಂದ್ಲು."

ಹಾಗಾದರೆ ಆಟದ ಮುಂಚಿನ ಚಹಾದಲ್ಲೂ ಮೀಸೆ ಇತ್ತು. ದುಭಾಷಿ ನನ್ನ ಮುಖ ನೋಡಿದಳು. ಹೇಳಿದೆ. "ಅವನ ಮಾತು ಕಟಗೊಂಡು ಏನು ಮಾಡ್ತಿ, ಅವಗ ನಿನ್ನೆ ಏನು ಉಂಡೆ ಅನ್ನಾದ ನೆನಪಿರಲ್ಲ," ಎಂದಳು. ಅದೂ ಎತ್ತಿಕೊಂಡದ್ದೇ. ಡಾಕ್ಟರಮ್ಮನನ್ನು ಹುಡುಕಿ ಅವರಿಗೂ ಹೇಳಿದೆ. ಅವರು ಕೇಸ್ ಶೀಟ್ ತೆರೆದು ಹೊತ್ತು ಬರೆದ ಸಾಲಿನ ಪಕ್ಕ ಒಂದು ಗುರುತು ಹಾಕಿದರು. ನಂತರ, ಔಷಧ ಹೋಗಿಯಾಗಿದೆ, ಇನ್ನು ಕಾಯೋದು, ರಕ್ತ ಒಸರಿದರೆ ಈ ಒಂದು ದಿನದಲ್ಲೇ ಗೊತ್ತಾಗುತ್ತದೆ ಎಂದರು.

ಕಾದೆವು. ಮಗಳು ಬಂದಳು, ಗಾಜಿನ ಬಾಗಿಲಿಗೆ ಹಣೆ ಹಚ್ಚಿ ನಿಂತಳು. ಒಳಗಿನಿಂದ ಆ ಮಾತು ಕೇಳುತ್ತಿತ್ತು. ಅದು ಕೇಳುವ ತನಕ ಅವಳು ಇದ್ದಾಳೆ ಎಂದು ಲೆಕ್ಕ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ನನ್ನ ತಲೆ, ಬೇಡವೆಂದರೂ, ಹುಡುಕುತ್ತಿತ್ತು. ಗಳಹುವುದು ಎಂದರೆ ಬಾಯಿಗೆ ಬಂದದ್ದನ್ನು ಆಡುವವನದು. ಬಡಬಡಿಸುವುದು ಎಂದರೆ ಜ್ವರ ಬಂದವರದು. ಹಲುಬುವುದು ಹತ್ತಿರ ಬರುತ್ತದೆ, ಅದರಲ್ಲಿ ದುಃಖ ಇದೆ, ಆದರೆ ಹಲುಬುವವರಿಗೆ ತಾವು ಏನು ಹೇಳುತ್ತಿದ್ದೇವೆಂದು ಗೊತ್ತಿರುತ್ತದೆ. ಚಿಕ್ಕಮ್ಮನಿಗೂ ಗೊತ್ತಿತ್ತೋ ಏನೋ. ಗಿಬ್ಬರಿಷ್ ಎಂಬ ಪದ ಹೊರಗಿನಿಂದ ಕೇಳಿದವರ ಕಿವಿಯಲ್ಲಿ ಹುಟ್ಟಿದ್ದು. ಒಳಗಿದ್ದವರನ್ನು ಯಾರೂ ಕೇಳಿಲ್ಲ. ಒಮ್ಮೆ ಮಾತು ನಿಂತಿತು. ನಾವು ಮೂವರೂ ಎದ್ದು ನಿಂತೆವು. ನರ್ಸ್ ಹೊರಬಂದು, ನಿದ್ದೆ ಹತ್ತಿದೆ, ಅಷ್ಟೇ, ಎಂದಳು.

ಮರುದಿನದ ಸ್ಕ್ಯಾನ್‌ನಲ್ಲಿ ರಕ್ತ ಇರಲಿಲ್ಲ.

ನನ್ನ ಸಾಕ್ಷಿ ನಿಜವಾಗಿತ್ತೋ, ಸುಳ್ಳಾದರೂ ಬದುಕಿದಳೋ, ಇದು ಈಗಲೂ ನನಗೆ ಗೊತ್ತಿಲ್ಲ. ಗೊತ್ತಿರುವ ಹಾಗೆ ಬರೆದರೆ ಚೆನ್ನಾಗಿರುತ್ತದೆ. ಬರೆಯುವುದಿಲ್ಲ.

ಈಗ ಅವಳು ಕಂಪ್ಲಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಾತು ಮರಳುತ್ತಿದೆ, ಒಂದೊಂದೇ, ಪ್ರತಿಯೊಂದನ್ನೂ ಬಾವಿಯಿಂದ ಸೇದಿದಂತೆ. ಹೋದ ತಿಂಗಳು ನಾನೂ ದುಭಾಷಿಯೂ ನೋಡಲು ಹೋಗಿದ್ದೆವು. ಹೊರಗಿನ ಮಂಚದ ಮೇಲೆ ಕುಳಿತಿದ್ದಳು. ನಮ್ಮನ್ನು ಕಂಡು ಏನೋ ಹೇಳಲು ಬಾಯಿ ತೆರೆದಳು. ಬರಲಿಲ್ಲ.

"ಚಾ ಬೇಕೇನು?" ಎಂದಳು ದುಭಾಷಿ. "ಗುಳಗಿ ತಗಂಡಿಲ್ಲಾ? ಮಗಳನ್ನ ಕರೀಲಾ? ಬಿಸಲು ಬಡ್ಯಾಕತ್ತೇತಾ, ಒಳಗ ಹೋಗೂಣಾ?"

ಚಿಕ್ಕಮ್ಮ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದಳು. ಮತ್ತೆ ಬಡಿದಳು. ಅವಳಿಗೆ ಸಿಟ್ಟು ಬಂದಿತ್ತು. ದುಭಾಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ವರ್ಷ ರಂಗದ ಮೇಲೆ ಒಂದು ಕ್ಷಣದ ಮೌನವನ್ನೂ ಖಾಲಿ ಬಿಡದವಳು, ಆ ಸೆರಗನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬೆರಳು ಬೆಳ್ಳಗಾಗಿದ್ದವು. ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಬೀದಿ ದಾಟಿ ಹೋಯಿತು. ನಾವು ಕಾದೆವು.

"ಆಟ," ಎಂದಳು ಚಿಕ್ಕಮ್ಮ.

ಉಸಿರು ತೆಗೆದುಕೊಂಡಳು. ತುಟಿ ಒಂದಕ್ಕೊಂದು ಸೇರಿ, ಬಿಟ್ಟು, ಮತ್ತೆ ಸೇರಿದವು.

"ಆಟ... ಅರ್ಧಕ್ಕ..."

ದುಭಾಷಿಯ ಕಣ್ಣು ತುಂಬಿ, ಬಾಯಿ ತೆರೆಯಿತು. ನಾನು ಅವಳ ಕೈ ಒತ್ತಿ ಹಿಡಿದೆ. ಚಿಕ್ಕಮ್ಮ ನಮ್ಮಿಬ್ಬರನ್ನೂ ನೋಡುತ್ತ, ಮುಂದಿನ ಪದಕ್ಕಾಗಿ ಒಳಗೆಲ್ಲೋ ಇಳಿಯುತ್ತಿದ್ದಳು. ನಾವು ಏನೂ ಹೇಳಲಿಲ್ಲ. ಅವಳದು ಇನ್ನೂ ಮುಗಿದಿರಲಿಲ್ಲ.